ಕಾಂಪೌಂಡು ದಾಟೋ ಸಂಬಳ, ಕಾಂಪೌಂಡಲ್ಲೇ ನಿಲ್ಲೋ ಸಂಬಳ

ನಾನಿರೋದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಒಂದು ಊರಲ್ಲಿ, ಗಾಡಿ ಪಾರ್ಟ್ಸ್ ಮಾಡೋ ಕಂಪನಿಯಲ್ಲಿ ಕೆಲಸ. ಇಲ್ಲಿಗೆ ಹೊಸದಾಗಿ ಬರೋ ನಮ್ಮ ಕಡೆ ಹುಡುಗ್ರು ಬಾಡಿಗೆ ಮನೆ, ವೀಸಾ, ಹೆಲ್ತ್ ಇನ್ಶೂರೆನ್ಸ್ ಎಲ್ಲಾ ವಿಚಾರಿಸಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳೇ ಕೇಳ್ತಾರೆ. "ಅಣ್ಣ, ಐಜಿ ಮೆಟಾಲ್ ಮೆಂಬರ್ ಆಗ್ಬೇಕಾ? ತಿಂಗಳ ಸಂಬಳದಲ್ಲಿ ಒಂದು ಪರ್ಸೆಂಟ್ ಕಟ್ಬೇಕಂತೆ, ಕಟ್ಟದಿದ್ರೂ ಅದೇ ಸಂಬಳ ಬರುತ್ತಂತೆ, ಮತ್ಯಾಕೆ ಕಟ್ಟೋದು?"

ನ್ಯಾಯವಾದ ಪ್ರಶ್ನೆ. ಐಜಿ ಮೆಟಾಲ್ ಅಂದ್ರೆ ಇಲ್ಲಿನ ಮೆಟಲ್ ಇಂಡಸ್ಟ್ರಿ ಕೆಲಸಗಾರರ ಯೂನಿಯನ್. ನನ್ನ ಪಕ್ಕದ ಟೇಬಲ್ಲಲ್ಲಿ ಕೂರೋ ಸಹೋದ್ಯೋಗಿ ಮೆಂಬರ್ ಅಲ್ಲ, ನಾನು ಮೆಂಬರ್, ಇಬ್ರೂ ಒಂದೇ ಗ್ರೇಡು, ಇಬ್ರಿಗೂ ಬರೋದು ಒಂದೇ ಮೂಲ ಸಂಬಳ, ಅಂದ್ರೆ ಲೆಕ್ಕ ಹಾಕಿದ್ರೆ ಕೈಗೆ ಸಿಗೋದ್ರಲ್ಲಿ ನಂದೇ ಆ ಒಂದು ಪರ್ಸೆಂಟ್ ಫೀಸಿನಷ್ಟು ಕಮ್ಮಿ. ಇಷ್ಟನ್ನೇ ನೋಡಿ ಯಾರಾದ್ರೂ "ಯೂನಿಯನ್‌ಗೆ ಸೇರಿದ್ರೆ ಸಂಬಳ ಜಾಸ್ತಿ ಆಗಲ್ಲ" ಅಂತ ತೀರ್ಮಾನ ಮಾಡಿದ್ರೆ ಕಾಗದದ ಮೇಲೆ ಅದು ಸರಿಯಾಗೇ ಕಾಣುತ್ತೆ. ಆದ್ರೆ ನಮ್ಮಿಬ್ರಿಗೂ ಸಿಗ್ತಿರೋ ಆ ಸಂಬಳ ಬಂದಿದ್ದೆಲ್ಲಿಂದ ಅಂತ ಒಂದು ಸಲ ನೋಡ್ಬೇಕು. ಅದು ನೋಡಿದ ಮೇಲೆ ನಮ್ಮ ಪೀಣ್ಯ, ಬೊಮ್ಮನಹಳ್ಳಿ, ಬಿಡದಿ, ನರಸಾಪುರದ ಸಂಬಳಗಳು ಯಾಕೆ ಹಂಗಿವೆ ಅನ್ನೋದು ನಂಗೆ ಬೇರೆ ಥರ ಕಾಣೋಕೆ ಶುರುವಾಯ್ತು, ಅದಕ್ಕೇ ಇದನ್ನ ಬರೀತಿದೀನಿ.

ಇಲ್ಲಿ ನಮ್ಮ ಕ್ಯಾಂಟೀನ್ ಪಕ್ಕದ ನೋಟಿಸ್ ಬೋರ್ಡಲ್ಲಿ ಒಂದು ಹಾಳೆ ಯಾವಾಗ್ಲೂ ಅಂಟಿಸಿರುತ್ತೆ, ಸಂಬಳದ ಟೇಬಲ್ ಅದು. ನಮ್ಮ ರಾಜ್ಯ ಬಾಡೆನ್ ವುರ್ಟೆಂಬರ್ಗಲ್ಲಿ ಮೆಟಲ್ ಮತ್ತು ಎಲೆಕ್ಟ್ರಿಕಲ್ ಇಂಡಸ್ಟ್ರಿಗೆ 1 ರಿಂದ 17 ರ ತನಕ ಗ್ರೇಡ್ ಇದೆ, 7ನೇ ಗ್ರೇಡನ್ನ ನೂರು ಪರ್ಸೆಂಟ್ ಅಂತ ಇಟ್ಕೊಂಡು ಮಿಕ್ಕಿದ್ದೆಲ್ಲಾ ಅದರ ಮೇಲೆ ಕೆಳಗೆ. ಗ್ರೇಡ್ ಸಿಗೋದು ಮನುಷ್ಯನಿಗಲ್ಲ, ಕೆಲಸಕ್ಕೆ. ಆ ಕೆಲಸಕ್ಕೆ ಎಷ್ಟು ಓದು ಬೇಕು, ಎಷ್ಟು ಅನುಭವ ಬೇಕು, ಎಷ್ಟು ಯೋಚನೆ ಮಾಡ್ಬೇಕು, ಎಷ್ಟು ಸ್ವತಂತ್ರವಾಗಿ ನಿರ್ಧಾರ ತಗೋಬೇಕು, ಇದನ್ನೆಲ್ಲಾ ಪಾಯಿಂಟ್ ಹಾಕಿ ತೂಗ್ತಾರೆ. ಅದರ ಮೇಲೆ ಒಬ್ಬೊಬ್ಬರ ಕೆಲಸ ನೋಡಿ ಕೊಡೋ ಪರ್ಫಾರ್ಮೆನ್ಸ್ ಭಾಗ ಬೇರೆ ಇದೆ, ಇಡೀ ಫ್ಯಾಕ್ಟ್ರಿ ಸರಾಸರಿ ತಗೊಂಡ್ರೆ ಮೂಲ ಸಂಬಳದ 15 ಪರ್ಸೆಂಟ್, ಒಬ್ಬರಿಗೆ ಕಮ್ಮಿ ಒಬ್ಬರಿಗೆ ಜಾಸ್ತಿ. ಯೂನಿಯನ್ ಬಂದ್ರೆ ಚೆನ್ನಾಗಿ ಕೆಲಸ ಮಾಡೋನಿಗೂ ಮಾಡದೋನಿಗೂ ಒಂದೇ ಸಂಬಳ ಅಂತ ಬೆಂಗಳೂರಲ್ಲಿ ಎಷ್ಟೋ ಜನ ಹೇಳೋದು ಕೇಳಿದೀನಿ, ಇಲ್ಲಿ ಹಂಗಿಲ್ಲ.

ಮುಖ್ಯ ವಿಷಯ ಏನಂದ್ರೆ ಆ ಹಾಳೆ ನಮ್ಮ ಕಂಪನಿದಲ್ಲ. ರಸ್ತೆ ಆ ಕಡೆ ಇರೋ ನಮ್ಮ ಕಾಂಪಿಟಿಟರ್ ಕಂಪನಿಯ ಕ್ಯಾಂಟೀನಲ್ಲೂ ಅದೇ ಹಾಳೆ. ದೊಡ್ಡ ಕಾರು ಕಂಪನಿಯಲ್ಲೂ ಅದೇ, ನೂರು ಜನ ಇರೋ ಮಷೀನ್ ಶಾಪಲ್ಲೂ ಅದೇ, ಮಾಲೀಕರ ಸಂಘದ ಒಪ್ಪಂದಕ್ಕೆ ಸೇರಿರೋ ಎಲ್ಲಾ ಕಡೆ ಅದೇ. ಯೂನಿಯನ್ ಕೂತು ಮಾತಾಡೋದು ಒಂದು ಕಂಪನಿಯ ಎಚ್ಆರ್ ಜೊತೆ ಅಲ್ಲ, ಇಡೀ ಇಂಡಸ್ಟ್ರಿಯ ಮಾಲೀಕರ ಸಂಘದ ಜೊತೆ. ಒಂದು ಸಲ ಸೈನ್ ಆದ್ರೆ ದೇಶದಾದ್ಯಂತ ಸುಮಾರು 39 ಲಕ್ಷ ಜನ ಕೆಲಸ ಮಾಡೋ ಈ ಇಂಡಸ್ಟ್ರಿಯಲ್ಲಿ ಒಪ್ಪಂದಕ್ಕೆ ಸೇರಿರೋ ಕಡೆಯೆಲ್ಲಾ ಸಂಬಳ ಏರುತ್ತೆ. ಹಿಂಗಿರುವಾಗ "ಪಕ್ಕದೋನು ಕಮ್ಮಿ ಸಂಬಳ ಕೊಟ್ಟು ಕಮ್ಮಿ ರೇಟಿಗೆ ಆರ್ಡರ್ ಹೊಡ್ಕೊಂಡು ಹೋಗ್ತಾನೆ, ನಾನೆಲ್ಲಿಂದ ಜಾಸ್ತಿ ಕೊಡ್ಲಿ" ಅಂತ ಮಾಲೀಕ ಹೇಳೋಕೆ ಆಗಲ್ಲ, ಯಾಕಂದ್ರೆ ಪಕ್ಕದೋನೂ ಅಷ್ಟೇ ಕೊಡ್ಬೇಕು. ಕಾಂಪಿಟಿಷನ್ ಇರೋದು ಕ್ವಾಲಿಟಿ ಮೇಲೆ, ಮಷೀನ್ ಮೇಲೆ, ಡಿಸೈನ್ ಮೇಲೆ. ಕೆಲಸದೋನ ಹೊಟ್ಟೆ ಮೇಲಲ್ಲ.

ಇದು ಮಾತಲ್ಲೇ ಆಗೋ ಕೆಲಸ ಅಲ್ಲ. 2024ರ ಒಪ್ಪಂದದ ಟೈಮಲ್ಲಿ ನೋಡಿದ್ದು ಹೇಳ್ತೀನಿ. ಹಳೇ ಒಪ್ಪಂದ ಇರೋ ತನಕ, ಅದು ಮುಗಿದ ಮೇಲೂ ನಾಲ್ಕು ವಾರ, ಸ್ಟ್ರೈಕ್ ಮಾಡೋ ಹಂಗಿಲ್ಲ, ಶಾಂತಿಯಿಂದ ಇರ್ಬೇಕು. ಆ ಗಡುವು ಅಕ್ಟೋಬರ್ 28ಕ್ಕೆ ಮುಗೀತು, ರಾತ್ರಿ 12 ಹೊಡೀತಿದ್ದಂಗೆ ಬೇರೆ ಬೇರೆ ಊರುಗಳಲ್ಲಿ ನೈಟ್ ಶಿಫ್ಟ್ ಜನ ಮಷೀನ್ ನಿಲ್ಲಿಸಿ ಗೇಟಿಗೆ ಬಂದ್ರು. ನಮ್ಮಲ್ಲಿ ಸರದಿ ಬಂದಿದ್ದು ಹಗಲು ಹೊತ್ತಲ್ಲಿ. ಚಳಿ, ಕೆಂಪು ಟೋಪಿ, ಕೆಂಪು ಬಾವುಟ, ಎಲ್ರ ಬಾಯಲ್ಲೂ ವಿಷಲ್ಲು, ಒಂದು ಕಡೆ ಕಾಫಿ ಕ್ಯಾನ್ ಇಟ್ಟು ಹಂಚ್ತಿದ್ರು. ನಮ್ಮ ಲೈನಿನ ಒಬ್ಬ ಹಿರಿಯ ಟರ್ಕಿ ಮೂಲದ ಮೆಕ್ಯಾನಿಕ್ ಮೈಕ್ ತಗೊಂಡು "ಅಂಗಡಿಯಲ್ಲಿ ಬೆಣ್ಣೆ ರೇಟ್ ನೋಡಿ, ಆಮೇಲೆ ನಿಮ್ಮ ಪೇ ಸ್ಲಿಪ್ ನೋಡಿ" ಅಂತ ಎರಡೇ ಮಾತು ಹೇಳಿ ಇಳಿದ್ರು. ಆ ಕೆಲವು ಗಂಟೆಗಳ ಸಂಬಳ ಹೋಗುತ್ತೆ, ಎಲ್ರಿಗೂ ಗೊತ್ತಿತ್ತು. ಮೆಂಬರ್ ಅಲ್ಲದ ಸಹೋದ್ಯೋಗಿ ಆವತ್ತು ಒಳಗೇ ಕೂತಿದ್ರು, ಅವರನ್ನ ಯಾರೂ ಏನೂ ಅನ್ನಲಿಲ್ಲ. ನವೆಂಬರ್ 12ಕ್ಕೆ ಹ್ಯಾಂಬರ್ಗಲ್ಲಿ ಒಪ್ಪಂದ ಆಯ್ತು: ಒಂದ್ಸಲಕ್ಕೆ 600 ಯೂರೋ, 2025ರ ಏಪ್ರಿಲ್‌ನಿಂದ 2 ಪರ್ಸೆಂಟ್, 2026ರ ಏಪ್ರಿಲ್‌ನಿಂದ 3.1 ಪರ್ಸೆಂಟ್, ಟ್ರೇನಿಗಳಿಗೆ ತಿಂಗಳಿಗೆ 140 ಯೂರೋ ಜಾಸ್ತಿ. ನನ್ನ ಕಣ್ಣಿಗೆ ಅದರಲ್ಲಿ ಒಳ್ಳೇದು ಅನ್ಸಿದ್ದು ಟ್ರೇನಿಗಳ ವಿಷಯ, ಪರ್ಸೆಂಟಲ್ಲಿ ಕೊಟ್ಟಿದ್ರೆ ಕಮ್ಮಿ ಸಂಬಳದೋರಿಗೆ ಕಮ್ಮಿ ಸಿಗ್ತಿತ್ತು, ಒಂದೇ ಮೊತ್ತ ಕೊಟ್ಟಿದ್ರಿಂದ 18 ವರ್ಷದ ಹುಡುಗ ಹುಡುಗೀರಿಗೆ ನಿಜವಾಗ್ಲೂ ಗೊತ್ತಾಗೋ ಅಷ್ಟು ಏರಿತು.

ಎಲ್ಲಾ ಚೆನ್ನಾಗಿದೆ ಅಂತ ಹೇಳ್ತಿಲ್ಲ. ಅದಕ್ಕೂ ಹಿಂದಿನ 2022ರ ಒಪ್ಪಂದದಲ್ಲಿ 5.2 ಪರ್ಸೆಂಟ್ ಆಮೇಲೆ 3.3 ಪರ್ಸೆಂಟ್ ಅಂತ ಎರಡು ಕಂತು, ಜೊತೆಗೆ ಟ್ಯಾಕ್ಸ್ ಇಲ್ಲದೆ 3000 ಯೂರೋ ಸಿಕ್ತು. ಆದ್ರೆ ಇಲ್ಲಿ ಬೆಲೆ ಏರಿಕೆ 2022ರಲ್ಲಿ 6.9, 2023ರಲ್ಲಿ 5.9 ಪರ್ಸೆಂಟ್ ಇತ್ತು. ಅಂದ್ರೆ ಅಷ್ಟು ದೊಡ್ಡ ಯೂನಿಯನ್ ಇದ್ದೂ ಟೇಬಲ್ಲಲ್ಲಿರೋ ಸಂಬಳ ಬೆಲೆಯ ಹಿಂದೆ ಓಡೋ ಹಂಗೇ ಆಯ್ತು. ಇಲ್ದೇ ಇದ್ರೆ ಇನ್ನೆಷ್ಟು ಹಿಂದೆ ಉಳೀತಿದ್ವಿ ಅನ್ನೋದಕ್ಕೆ ಒಪ್ಪಂದ ಇಲ್ಲದ ಕಂಪನಿಗಳನ್ನ ನೋಡಿದ್ರೆ ಸಾಕು, ಒಂದೇ ಥರ ಕಂಪನಿ ಒಂದೇ ಥರ ಕೆಲಸ ಅಂತ ಹೋಲಿಸಿ ನೋಡಿದ್ರೂ ಅಲ್ಲಿ ಸುಮಾರು ಹತ್ತು ಪರ್ಸೆಂಟ್ ಕಮ್ಮಿ ಸಂಬಳ, ವಾರಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಜಾಸ್ತಿ ಕೆಲಸ ಅಂತ ಇಲ್ಲಿನ ಯೂನಿಯನ್‌ಗಳಿಗೆ ಹತ್ತಿರ ಇರೋ ರಿಸರ್ಚ್ ಸಂಸ್ಥೆಯವರು ಲೆಕ್ಕ ಹಾಕಿದಾರೆ.

ಈಗ ಆ ಒಂದು ಪರ್ಸೆಂಟ್ ಪ್ರಶ್ನೆಗೆ ಬರ್ತೀನಿ. 1949ರ ಇಲ್ಲಿನ ಕಾನೂನಿನ ಪ್ರಕಾರ ಒಪ್ಪಂದದ ಹಕ್ಕು ಇರೋದು ಯೂನಿಯನ್ ಮೆಂಬರ್‌ಗೆ ಮಾತ್ರ, ಮಿಕ್ಕಿದೋರಿಗೆ ಕಂಪನಿ ಕೊಡ್ಲೇಬೇಕು ಅಂತಿಲ್ಲ. ಆದ್ರೂ ಕೊಡ್ತಾರೆ. ಯಾಕಂದ್ರೆ ಕೊಡದಿದ್ರೆ ಮಾರನೇ ದಿನವೇ ಎಲ್ರೂ ಹೋಗಿ ಮೆಂಬರ್ ಆಗ್ಬಿಡ್ತಾರೆ, ಅದು ಯಾವ ಮಾಲೀಕನಿಗೂ ಬೇಡ. ಹಿಂಗಾಗಿ ಕಟ್ಟದೋರಿಗೂ ಸಿಗುತ್ತೆ, ಹಿಂಗಾಗಿ ಕಟ್ಟೋರು ಕಮ್ಮಿ ಆಗ್ತಾ ಬರ್ತಾರೆ. ಇಡೀ ಜರ್ಮನಿಯಲ್ಲಿ ಈಗ ಕೆಲಸಗಾರರಲ್ಲಿ ಆರಕ್ಕೆ ಒಬ್ಬರು ಮಾತ್ರ ಯೂನಿಯನ್ ಮೆಂಬರ್. ಕೆಮಿಕಲ್ ಇಂಡಸ್ಟ್ರಿ ಯೂನಿಯನ್‌ನವರು 2024ರಲ್ಲಿ ಇದಕ್ಕೊಂದು ದಾರಿ ಮಾಡಿದ್ರು, ಸಂಬಳ ಏರಿಕೆ ಎಲ್ರಿಗೂ ಇರ್ಲಿ ಆದ್ರೆ ವರ್ಷಕ್ಕೆ ಒಂದು ದಿನ ಎಕ್ಸ್‌ಟ್ರಾ ರಜೆ ಮೆಂಬರ್‌ಗಳಿಗೆ ಮಾತ್ರ ಅಂತ ಒಪ್ಪಂದದಲ್ಲೇ ಬರೆಸಿದ್ರು. ನಂಗೆ ಅದು ಸರಿ ಅನ್ಸುತ್ತೆ. ಒಂದು ದಿನ ರಜೆಯಿಂದ ಯಾರ ಹೊಟ್ಟೆ ಮೇಲೂ ಹೊಡೆದ ಹಂಗಾಗಲ್ಲ, ಕಟ್ಟಿದೋರಿಗೆ ಒಂದು ಗೌರವ ಸಿಕ್ಕ ಹಂಗಾಗುತ್ತೆ.

ನಾನು ಹುಡುಗ್ರಿಗೆ ಹೇಳೋದು ಇಷ್ಟು: ನೀವು ಕಟ್ಟೋ ಒಂದು ಪರ್ಸೆಂಟ್ ನಿಮ್ಮ ಈ ತಿಂಗಳ ಸಂಬಳಕ್ಕಲ್ಲ, ಮುಂದಿನ ಒಪ್ಪಂದಕ್ಕೆ. ಮೆಂಬರ್ ಸಂಖ್ಯೆ ನೋಡ್ಕೊಂಡೇ ಮಾಲೀಕರ ಸಂಘ ಎಷ್ಟು ಬಗ್ಗಬೇಕು ಅಂತ ತೀರ್ಮಾನ ಮಾಡೋದು. ಮತ್ತೆ, ಮೆಂಬರ್ ಸಂಬಳಕ್ಕೂ ಮೆಂಬರ್ ಅಲ್ಲದೋರ ಸಂಬಳಕ್ಕೂ ಎಷ್ಟು ವ್ಯತ್ಯಾಸ ಅಂತ ಅಳೆಯೋ ಪದ್ಧತಿ ಅಮೆರಿಕದಲ್ಲಿ ಜಾಸ್ತಿ, ಅಲ್ಲಿ ಒಂದೊಂದು ಕಂಪನಿ ಒಂದೊಂದು ಯೂನಿಯನ್ ಒಪ್ಪಂದ ಆದ್ದರಿಂದ ಆ ಅಳತೆಗೆ ಅರ್ಥ ಇದೆ. ಒಪ್ಪಂದ ಕಾಂಪೌಂಡ್ ದಾಟಿ ಹೋಗೋ ಕಡೆ ಆ ವ್ಯತ್ಯಾಸ ಕಮ್ಮಿ ಇರೋದೇ ಯೂನಿಯನ್ ಚೆನ್ನಾಗಿ ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು.

ಈಗ ನಮ್ಮೂರ ಕಡೆ. ಯೂನಿಯನ್‌ನಿಂದ ಸಂಬಳ ಏರಿದ್ದು ನೋಡ್ಬೇಕು ಅಂದ್ರೆ ಬೆಂಗಳೂರಲ್ಲಿ ಅಂಕಿ ಅಂಶ ಹುಡುಕೋದೇ ಬೇಡ, ಬಸ್ ಬೋರ್ಡ್ ಓದಿದ್ರೆ ಸಾಕು. ಬಿಇಎಲ್ ಲೇಔಟ್, ಎಚ್‌ಎಂಟಿ ಲೇಔಟ್, ಐಟಿಐ ಲೇಔಟ್, ಬಿಇಎಂಎಲ್ ಲೇಔಟ್, ಮೈಕೋ ಲೇಔಟ್, ಎಲ್ಲಾ ಫ್ಯಾಕ್ಟ್ರಿ ಹೆಸರುಗಳೇ. ಲೇತ್ ಮಷೀನ್ ಮುಂದೆ ನಿಂತು ಕೆಲಸ ಮಾಡೋನು ಸೈಟ್ ತಗೊಂಡು ಮನೆ ಕಟ್ಟಿ, ಮಗಳನ್ನ ಇಂಜಿನಿಯರಿಂಗ್ ಓದಿಸೋಕೆ ಆಗ್ತಿದ್ದ ಕಾಲ ಅದು. ಮೈಕೋ ಪರ್ಮನೆಂಟು, ಎಚ್‌ಎಎಲ್ ಪರ್ಮನೆಂಟು ಅಂದ್ರೆ ಹೆಣ್ಣು ಕೊಡೋಕೆ ಯಾರೂ ಎರಡನೇ ಮಾತು ಆಡ್ತಿರಲಿಲ್ಲ. ಆ ಸಂಬಳ ಯಾರೋ ಪುಣ್ಯಾತ್ಮ ಕೊಟ್ಟಿದ್ದಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಬೇಡಿಕೆ ಪಟ್ಟಿ ಕೊಟ್ಟು, ಗೇಟ್ ಮೀಟಿಂಗ್ ಮಾಡಿ, ಕೂತು ಜಗಳ ಆಡಿ, ಸೆಟ್ಲ್‌ಮೆಂಟ್ ಮಾಡ್ಕೊಂಡು ಬಂದಿದ್ದು.

ನಮ್ಮ ದೊಡ್ಡಪ್ಪ ಜಾಲಹಳ್ಳಿಯಲ್ಲಿ ಎಚ್‌ಎಂಟಿಯಲ್ಲಿದ್ರು. 1980ರ ಡಿಸೆಂಬರ್ ಕೊನೆಗೆ ಶುರುವಾದ ಪಬ್ಲಿಕ್ ಸೆಕ್ಟರ್ ಸ್ಟ್ರೈಕ್ ಬಗ್ಗೆ ಅವರ ಬಾಯಲ್ಲೇ ಕೇಳಿದೀನಿ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಅಂತ ಒಂದು ಲಕ್ಷಕ್ಕೂ ಮೀರಿ ಜನ 77 ದಿನ ಹೊರಗಿದ್ರು. ಕೇಳಿದ್ದೇನು ಅಂದ್ರೆ ಕೇಂದ್ರ ಸರ್ಕಾರದ ಇನ್ನೊಂದು ಕಂಪನಿ ಬಿಎಚ್‌ಇಎಲ್‌ನಲ್ಲಿ ಇಂಥ ಕೆಲಸಕ್ಕೆ ಏನು ಕೊಡ್ತಾರೋ ಅಷ್ಟು ನಮಗೂ ಕೊಡಿ ಅಂತ. ದೊಡ್ಡಮ್ಮ ಅಂಗಡಿಯಲ್ಲಿ ಸಾಲದ ಪುಸ್ತಕ ಇಟ್ಟಿದ್ರು, ಊರಿಂದ ರಾಗಿ ಮೂಟೆ ಬಸ್ ಟಾಪ್ ಮೇಲೆ ಹಾಕಿಸ್ಕೊಂಡು ತರಿಸ್ತಿದ್ರು, ಹಂಗೆ ಎರಡೂವರೆ ತಿಂಗಳು ಕಳೆದ್ರು. ಕೊನೆಗೆ ಕೇಳಿದ್ದು ಪೂರ್ತಿ ಸಿಗದೇ ವಾಪಸ್ ಕೆಲಸಕ್ಕೆ ಹೋದ್ರು. ಜನ ಅದನ್ನ ಸೋತ ಸ್ಟ್ರೈಕ್ ಅಂತಲೇ ನೆನಪಿಟ್ಕೊಂಡಿದಾರೆ. ನಾನು ಇಲ್ಲಿ ಬಂದು ಈ ಪದ್ಧತಿ ನೋಡಿದ ಮೇಲೆ ಅದರಲ್ಲಿ ಬೇರೇನೋ ಕಾಣುತ್ತೆ. ಒಂದೇ ಥರ ಕೆಲಸಕ್ಕೆ ಕಂಪನಿ ಯಾವುದಾದ್ರೂ ಒಂದೇ ಸಂಬಳ ಅನ್ನೋದೇ ಆ ಬೇಡಿಕೆ, ಐದು ಕಂಪನಿಯ ಯೂನಿಯನ್‌ಗಳು ಜಾಯಿಂಟ್ ಆಕ್ಷನ್ ಫ್ರಂಟ್ ಅಂತ ಒಟ್ಟಾಗಿ ಕಾಂಪೌಂಡ್ ದಾಟಿ ಕೇಳಿದ್ದು. ಇಲ್ಲಿ ನನ್ನ ಕ್ಯಾಂಟೀನ್ ಗೋಡೆ ಮೇಲಿರೋ ಹಾಳೆಯನ್ನೇ ಅವರೂ ಕೇಳಿದ್ದು. ಅದು ಆವತ್ತು ಆಗಿಬಿಟ್ಟಿದ್ರೆ ಬೆಂಗಳೂರಿನ ಸಂಬಳದ ಕಥೆ ಬೇರೆ ದಾರಿ ಹಿಡೀತಿತ್ತು ಅಂತ ನಾನು ನಂಬ್ತೀನಿ.

ಆಗಿದ್ದು ಉಲ್ಟಾ. ಒಂದೊಂದು ಫ್ಯಾಕ್ಟ್ರಿ ತನ್ನ ಕಾಂಪೌಂಡ್ ಒಳಗೆ ತಾನು ಸೆಟ್ಲ್‌ಮೆಂಟ್ ಮಾಡ್ಕೊಂಡ್ತು. ನಮ್ಮ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟಲ್ಲಿ ಎರಡು ಥರ ಸೆಟ್ಲ್‌ಮೆಂಟ್ ಇತ್ತು. ಮ್ಯಾನೇಜ್‌ಮೆಂಟು ಯೂನಿಯನ್ನು ತಾವೇ ಕೂತು ಮಾಡ್ಕೊಂಡ್ರೆ ಸೆಕ್ಷನ್ 18(1), ಅದು ಸೈನ್ ಮಾಡಿದ ಎರಡು ಕಡೆಯೋರಿಗೆ ಮಾತ್ರ. ಲೇಬರ್ ಆಫೀಸರ್ ಮುಂದೆ ಕನ್ಸಿಲಿಯೇಶನಲ್ಲಿ, ಅಂದ್ರೆ ರಾಜಿ ಮಾತುಕತೆಯಲ್ಲಿ ಆದ್ರೆ ಸೆಕ್ಷನ್ 12(3), ಅದು ಆ ಫ್ಯಾಕ್ಟ್ರಿಯ ಎಲ್ಲಾ ಕೆಲಸಗಾರರಿಗೂ, ಮುಂದೆ ಸೇರೋರಿಗೂ. ಅಂದ್ರೆ ಮೆಂಬರ್ ಅಲ್ಲದೋರಿಗೂ ಸಿಗೋ ಹಂಗೆ ಮಾಡೋದ್ರಲ್ಲಿ ನಮ್ಮ ಕಾನೂನು ಇಲ್ಲಿನ ಕಾನೂನಿಗಿಂತ ಧಾರಾಳವಾಗೇ ಇತ್ತು. ಆದ್ರೆ ಅಷ್ಟೂ ಒಂದು ಫ್ಯಾಕ್ಟ್ರಿ ಗೇಟಿನ ಒಳಗೆ. ಮತ್ತೆ ಆ ಗೇಟಿನ ಒಳಗೇ ಇನ್ನೊಂದು ಗೋಡೆ ಎದ್ದಿತು, ಕಾಂಟ್ರಾಕ್ಟ್ ಅನ್ನೋ ಗೋಡೆ.

ಈಗ ಬೆಂಗಳೂರು ಸುತ್ತಮುತ್ತ ಯಾವ ಫ್ಯಾಕ್ಟ್ರಿಗೆ ಹೋದ್ರೂ ಒಂದೇ ಲೈನಲ್ಲಿ ಪರ್ಮನೆಂಟು, ಎಫ್‌ಟಿಇ (ಇಷ್ಟೇ ಕಾಲಕ್ಕೆ ಅಂತ ತಗೊಂಡೋರು), ಅಪ್ರೆಂಟಿಸ್, ಕಾಂಟ್ರಾಕ್ಟು ಅಂತ ನಾಲ್ಕು ಥರ ಜನ, ಯೂನಿಫಾರ್ಮ್ ಬಣ್ಣ ಬೇರೆ ಬೇರೆ, ಬಿಗಿಯೋ ಬೋಲ್ಟ್ ಒಂದೇ. ನನ್ನ ಚಿಕ್ಕಪ್ಪನ ಮಗ ಒಂದು ಕಡೆ ಕಾಂಟ್ರಾಕ್ಟಲ್ಲಿ ಕೆಲಸ ಮಾಡಿದ. ಪಕ್ಕದಲ್ಲಿ ನಿಂತಿದ್ದ ಪರ್ಮನೆಂಟ್ ಅಣ್ಣನಿಗೆ ಬರ್ತಿದ್ದ ಸಂಬಳದ ಮೂರನೇ ಒಂದು ಭಾಗ ಇವನಿಗೆ, ಕ್ಯಾಂಟೀನ್ ಊಟದ ಕೂಪನ್ನೂ ಬೇರೆ. ಅಲ್ಲಿ ಯೂನಿಯನ್ ಇತ್ತು, ಗಟ್ಟಿ ಯೂನಿಯನ್ನೇ, ಪರ್ಮನೆಂಟ್‌ನೋರಿಗೆ ಒಳ್ಳೇ ಸೆಟ್ಲ್‌ಮೆಂಟ್ ತಂದುಕೊಟ್ಟಿತ್ತು. "ನಮ್ಮ ವಿಷಯ ಅವರ ಬೇಡಿಕೆ ಪಟ್ಟಿಯಲ್ಲೇ ಇಲ್ಲ ಕಣೋ ಅಣ್ಣ" ಅಂತ ಅವನು ಹೇಳಿದ್ದು ನಂಗೆ ಈಗ್ಲೂ ಚುಚ್ಚುತ್ತೆ. 1970ರ ಕಾಂಟ್ರಾಕ್ಟ್ ಲೇಬರ್ ಕಾನೂನಿನ ರೂಲ್ಸಲ್ಲಿ ಒಂದೇ ಥರ ಕೆಲಸಕ್ಕೆ ಒಂದೇ ಸಂಬಳ ಅಂತ ಬರೆದೇ ಇತ್ತು, ಆದ್ರೆ ಅದನ್ನ ಕೇಳೋಕೆ ಕಾಂಟ್ರಾಕ್ಟ್ ಹುಡುಗನ ಹಿಂದೆ ಯಾರೂ ಇರಲಿಲ್ಲ.

ಯೂನಿಯನ್ ಸಂಬಳ ಏರಿಸುತ್ತೆ ಅನ್ನೋದು ಸರಿ. ಆದ್ರೆ ಒಂದು ಫ್ಯಾಕ್ಟ್ರಿಯ ಪರ್ಮನೆಂಟ್‌ನೋರಿಗೆ ಮಾತ್ರ ಏರಿಸಿದ್ರೆ ಮ್ಯಾನೇಜ್‌ಮೆಂಟ್ ಮಾಡೋದೇನು? ರಿಟೈರ್ ಆದೋರ ಜಾಗಕ್ಕೆ ಪರ್ಮನೆಂಟ್ ತಗೊಳ್ಳಲ್ಲ. ಹತ್ತು ಹದಿನೈದು ವರ್ಷದಲ್ಲಿ ಸಂಬಳ ಜಾಸ್ತಿ ಇರೋ ಯೂನಿಯನ್ ಇರುತ್ತೆ, ಮೆಂಬರ್‌ಗಳು ಇರಲ್ಲ. ಇಲ್ಲೂ ಇದೇ ಕಾಯಿಲೆ ಬಂದಿತ್ತು, ಲೀಸ್ ಕೆಲಸಗಾರರು ಅಂತ ಏಜೆನ್ಸಿಯಿಂದ ತಗೊಳ್ಳೋದು. ಐಜಿ ಮೆಟಾಲ್ 2012ರಲ್ಲಿ ಏಜೆನ್ಸಿ ಮಾಲೀಕರ ಸಂಘದ ಜೊತೆ ಕೂತು, ಮೆಟಲ್ ಫ್ಯಾಕ್ಟ್ರಿಗೆ ಬರೋ ಏಜೆನ್ಸಿ ಕೆಲಸಗಾರನಿಗೆ ವಾರಗಳು ಕಳೆದ ಹಂಗೆ ಎಕ್ಸ್‌ಟ್ರಾ ಪರ್ಸೆಂಟ್ ಏರ್ತಾ ಹೋಗೋ ಒಪ್ಪಂದ ಮಾಡ್ತು. 2017ರಲ್ಲಿ ಕಾನೂನೇ ಬಂತು, ಒಂದೇ ಕಡೆ 18 ತಿಂಗಳಿಗಿಂತ ಜಾಸ್ತಿ ಇಟ್ಕೊಳ್ಳೋ ಹಂಗಿಲ್ಲ, 9 ತಿಂಗಳಾದ ಮೇಲೆ ಸಮಾನ ಸಂಬಳ. ಒಪ್ಪಂದದ ಮೂಲಕ ಇದನ್ನ ಬದಲಾಯಿಸ್ಕೊಳ್ಳೋಕೆ ಅವಕಾಶ ಇದೆ, ಅದನ್ನ ಬಳಸ್ಕೊಂಡು ಎಳೆಯೋ ಕಂಪನಿಗಳೂ ಇವೆ. ಆದ್ರೂ ಏಜೆನ್ಸಿ ಕೆಲಸಗಾರನ ವಿಷಯ ಬೇಡಿಕೆ ಪಟ್ಟಿ ಒಳಗೆ ಬಂತು, ಅದು ದೊಡ್ಡದು.

ಗಾರ್ಮೆಂಟ್ಸ್ ವಿಷಯ ಹೇಳದಿದ್ರೆ ಈ ಮಾತು ಅರ್ಧ. ಬೆಂಗಳೂರಲ್ಲಿ ಲಕ್ಷಾಂತರ ಜನ, ಅದರಲ್ಲಿ ಜಾಸ್ತಿ ಹೆಂಗಸರು, ತುಮಕೂರು, ಮಂಡ್ಯ, ಕನಕಪುರ, ರಾಮನಗರ ಕಡೆ ಹಳ್ಳಿಗಳಿಂದ ಬಂದೋರು. ನಮ್ಮೂರಿನ ಒಬ್ಬ ಅಕ್ಕ ಪೀಣ್ಯದಲ್ಲಿ ಟೈಲರ್. ಅವರ ಬ್ಯಾಚಲ್ಲಿ ಕಾಲರ್ ಹಾಕೋರು ಒಬ್ರು, ಕಫ್ ಹಾಕೋರು ಒಬ್ರು, ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಲ್ಲಿ ಬರೆದಿರ್ತಾರೆ, ಕಮ್ಮಿ ಆದ್ರೆ ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈತಾನೆ. ಹದಿನೈದು ವರ್ಷ ಸರ್ವೀಸ್ ಆಗಿರೋ ಆ ಅಕ್ಕನಿಗೂ, ಹೋದ ವರ್ಷ ಸೇರಿದ ಹುಡುಗಿಗೂ ಸಂಬಳದಲ್ಲಿ ಇರೋ ವ್ಯತ್ಯಾಸ ಒಂದು ತಿಂಗಳ ಗ್ಯಾಸ್ ಸಿಲಿಂಡರಿಗೂ ಸಾಲಲ್ಲ. ಯಾಕಂದ್ರೆ ಅಲ್ಲಿ ಸಂಬಳ ಅಂದ್ರೆ ಸರ್ಕಾರ ಹೇಳಿದ ಕನಿಷ್ಠ ವೇತನ, ಅಷ್ಟೇ. ಕನಿಷ್ಠವೇ ಗರಿಷ್ಠ. ಇಲ್ಲಿ ಕ್ಯಾಂಟೀನ್ ಗೋಡೆ ಮೇಲೆ 17 ಗ್ರೇಡ್ ನೋಡುವಾಗೆಲ್ಲಾ ನಂಗೆ ಆ ಅಕ್ಕನ ಕೈಯ್ಯ ಸ್ಪೀಡು ನೆನಪಾಗುತ್ತೆ, ಅಷ್ಟು ನುರಿತ ಕೈಗೆ ನಮ್ಮಲ್ಲಿ ಗ್ರೇಡೇ ಇಲ್ಲ.

ಆ ಕನಿಷ್ಠವೂ ಸುಲಭಕ್ಕೆ ಬರಲ್ಲ. ಪ್ರತಿ ವರ್ಷ ಏಪ್ರಿಲ್‌ಗೆ ಬೆಲೆ ಏರಿಕೆ ನೋಡಿ ತುಟ್ಟಿಭತ್ಯೆ ಸೇರಿಸ್ತಾರೆ. 2020ರಲ್ಲಿ ಕೋವಿಡ್ ಅಂತ ಹೇಳಿ ಸರ್ಕಾರ ಅದನ್ನ ಮುಂದಕ್ಕೆ ಹಾಕ್ತು, ತಿಂಗಳಿಗೆ 417 ರೂಪಾಯಿ. ಯೂನಿಯನ್‌ಗಳು ಹೈಕೋರ್ಟಿಗೆ ಹೋದ್ವು, ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟು ಕೊಡ್ಬೇಕು ಅಂತು, ಆದ್ರೂ ಎಷ್ಟೋ ಫ್ಯಾಕ್ಟ್ರಿಗಳು ಒಂದು ವರ್ಷಕ್ಕೂ ಮೇಲೆ ಕೊಡಲಿಲ್ಲ. ವಿದೇಶದ ದೊಡ್ಡ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಂದ ಮೇಲೆ ಬಾಕಿ ಕೊಡೋಕೆ ಶುರು ಮಾಡಿದ್ರು. 417 ರೂಪಾಯಿಗೆ ಇಷ್ಟು ಹೋರಾಟ. ನಾಲ್ಕು ಲಕ್ಷ ಜನರ ಇಂಡಸ್ಟ್ರಿ, ಆದ್ರೆ ಇಡೀ ಇಂಡಸ್ಟ್ರಿ ಪರವಾಗಿ ಮಾಲೀಕರ ಮುಂದೆ ಕೂರೋ ಒಂದು ಟೇಬಲ್ ಇಲ್ಲ.

ಆ ಹೆಂಗಸರಿಗೆ ಧೈರ್ಯ ಇಲ್ಲ, ಒಗ್ಗಟ್ಟಿಲ್ಲ ಅಂತ ಯಾರೂ ಹೇಳ್ಬೇಡಿ. 2016ರ ಏಪ್ರಿಲಲ್ಲಿ ಪಿಎಫ್ ದುಡ್ಡು 58 ವರ್ಷ ಆಗೋ ತನಕ ಪೂರ್ತಿ ತೆಗೆಯೋ ಹಂಗಿಲ್ಲ ಅಂತ ರೂಲ್ ಬಂದಾಗ ಯಾವ ಲೀಡರೂ ಕರೆ ಕೊಡದೇ ಇವರೇ ಮಷೀನ್ ಬಿಟ್ಟು ಎದ್ದು ಬಂದು ಹೊಸೂರು ರೋಡು, ತುಮಕೂರು ರೋಡು ತುಂಬಿಬಿಟ್ರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ರೂಲ್ ವಾಪಸ್ ತಗೊಂಡ್ತು. ಇಡೀ ದೇಶದ ಕೆಲಸಗಾರರಿಗೆ ಅದರ ಲಾಭ ಸಿಕ್ತು, ಬೊಮ್ಮನಹಳ್ಳಿ ಪೀಣ್ಯದ ಹೆಣ್ಣುಮಕ್ಕಳಿಂದ. ಆದ್ರೆ ಅವರ ಸಂಬಳ? ಮೂರನೇ ದಿನ ಅದೇ ಬ್ಯಾಚು, ಅದೇ ಟಾರ್ಗೆಟ್, ಅದೇ ಸಂಬಳ. ರಸ್ತೆಗೆ ಇಳಿದ ಶಕ್ತಿಯನ್ನ ವರ್ಷ ವರ್ಷ ಸಂಬಳವಾಗಿ ಬದಲಾಯಿಸೋಕೆ ಒಂದು ಸಂಸ್ಥೆ ಬೇಕು. ಅದಿಲ್ಲದ ಕಡೆ ಸಿಟ್ಟು ಬೇರೆ ದಾರಿ ಹುಡುಕುತ್ತೆ, 2020ರ ಡಿಸೆಂಬರಲ್ಲಿ ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಫ್ಯಾಕ್ಟ್ರಿಯಲ್ಲಿ ಆಗಿದ್ದು ನೋಡಿದ್ವಲ್ಲ. ಹೇಳಿದ ಸಂಬಳ ಬರ್ತಿಲ್ಲ, ಓವರ್ ಟೈಮ್ ಲೆಕ್ಕ ಸರಿ ಇಲ್ಲ ಅಂತ ಅಲ್ಲಿದ್ದ ಸಾವಿರಾರು ಕಾಂಟ್ರಾಕ್ಟ್ ಹುಡುಗ್ರ ದೂರು, ಅದನ್ನ ತಗೊಂಡು ಹೋಗಿ ಕೂತು ಮಾತಾಡೋಕೆ ಯೂನಿಯನ್ ಇರಲಿಲ್ಲ. ಗಾಜು ಒಡೆದಿದ್ದು ತಪ್ಪು, ಅದರಲ್ಲಿ ಅನುಮಾನ ಇಲ್ಲ. ಆಮೇಲೆ ಕಂಪನಿಯೇ ಸಂಬಳ ಕೊಡೋದ್ರಲ್ಲಿ ಎಡವಟ್ಟಾಗಿದೆ ಅಂತ ಒಪ್ಕೊಂಡು ಕ್ಷಮೆ ಕೇಳ್ತು. ಎರಡೂ ನಿಜ.

ಯೂನಿಯನ್‌ನಿಂದಲೇ ಎಚ್‌ಎಂಟಿ ವಾಚ್ ಫ್ಯಾಕ್ಟ್ರಿ ಮುಚ್ಚಿತು ಅಂತ ನಮ್ಮ ಮನೆಯಲ್ಲೇ ಹೇಳೋರಿದಾರೆ. ಕ್ವಾರ್ಟ್ಜ್ ವಾಚ್ ಬಂದಾಗ ಚಾವಿ ಕೊಡೋ ವಾಚ್ ಮೇಲೇ ಕೂತಿದ್ದು, ಮಾರ್ಕೆಟ್ ಓಪನ್ ಆದಾಗ ಹೊಸ ದುಡ್ಡು ಹಾಕದೇ ಇದ್ದದ್ದು ಡಯಲ್ ಕೂರಿಸೋ, ಲೇತ್ ಓಡಿಸೋ ಕೆಲಸಗಾರನ ತೀರ್ಮಾನ ಅಲ್ಲ. ಅದೇ ಥರ ಯೂನಿಯನ್, ಅದೇ ಕಾಲ, ಬಿಇಎಲ್ ಇವತ್ತಿಗೂ ಲಾಭದಲ್ಲಿ ನಡೀತಿದೆ.

ನಿಜವಾದ ತೊಂದರೆ ಬೇರೆ. ನಮ್ಮಲ್ಲಿ ಸಿಐಟಿಯು, ಎಐಟಿಯುಸಿ, ಐಎನ್‌ಟಿಯುಸಿ, ಬಿಎಂಎಸ್, ಎಚ್‌ಎಂಎಸ್ ಅಂತ ಪಕ್ಷಕ್ಕೊಂದು ಬಾವುಟ, ಒಂದೇ ಫ್ಯಾಕ್ಟ್ರಿಯಲ್ಲಿ ಮೂರು ಯೂನಿಯನ್. ಮ್ಯಾನೇಜ್‌ಮೆಂಟ್‌ಗೆ ಬೇಕಾಗಿರೋದೇ ಅದು. ಜರ್ಮನ್ನರು ಹಿಟ್ಲರ್ ಕಾಲದಲ್ಲಿ ಯೂನಿಯನ್‌ಗಳೆಲ್ಲಾ ಒಡೆದು ಪುಡಿಯಾದ್ದನ್ನ ನೋಡಿದೋರು, ಯುದ್ಧ ಮುಗಿದ ಮೇಲೆ ಪಕ್ಷ ಧರ್ಮ ಬಿಟ್ಟು ಒಂದು ಇಂಡಸ್ಟ್ರಿಗೆ ಒಂದೇ ಯೂನಿಯನ್ ಅಂತ ಕಟ್ಕೊಂಡ್ರು. ಇಲ್ಲಿ ಕಮ್ಯುನಿಸ್ಟನೂ ಚರ್ಚಿಗೆ ಹೋಗೋ ಕನ್ಸರ್ವೇಟಿವನೂ ಒಂದೇ ಕಾರ್ಡ್ ಇಟ್ಕೊಂಡಿರ್ತಾರೆ. ನಾವು ಇಲ್ಲಿಂದ ಕಲಿಯೋದೇನಾದ್ರೂ ಇದ್ರೆ ಮೊದಲನೇದು ಇದು ಅನ್ನೋದು ನನ್ನ ಅಭಿಪ್ರಾಯ.

ಹಂಗಂತ ಇಲ್ಲಿನ ವ್ಯವಸ್ಥೆ ಗಟ್ಟಿಯಾಗಿ ನಿಂತಿದೆ ಅಂತ ತಿಳ್ಕೋಬೇಡಿ. ಒಂದು ಕಾಲಕ್ಕೆ ಪಶ್ಚಿಮ ಜರ್ಮನಿಯಲ್ಲಿ ಹತ್ತರಲ್ಲಿ ಏಳು ಜನಕ್ಕಿಂತ ಜಾಸ್ತಿ ಒಪ್ಪಂದದ ಕೆಳಗೆ ಇದ್ರು, ಈಗ ದೇಶದಲ್ಲಿ ಹತ್ತಿರ ಹತ್ತಿರ ಅರ್ಧ ಜನ. ಒಪ್ಪಂದದ ಬಾಧ್ಯತೆ ಇಲ್ಲದೇ ಮಾಲೀಕರ ಸಂಘದಲ್ಲಿ ಇರಬಹುದು ಅಂತ ಹೊಸ ಮೆಂಬರ್‌ಶಿಪ್ ಮಾಡ್ಕೊಂಡಿದಾರೆ. ಬರ್ಲಿನ್ ಪಕ್ಕ ಟೆಸ್ಲಾ ಒಪ್ಪಂದಕ್ಕೆ ಸೇರಿಲ್ಲ, ಅಮೆಜಾನ್ ಗೋಡೌನ್‌ಗಳಲ್ಲಿ ವೆರ್ಡಿ ಯೂನಿಯನ್ 2013ರಿಂದ ಸ್ಟ್ರೈಕ್ ಮಾಡ್ತಾ ಬಂದ್ರೂ ಕಂಪನಿ ಜಗ್ಗಿಲ್ಲ. ಯೂನಿಯನ್ ಬಲ ಕಮ್ಮಿ ಇರೋ ಹೋಟೆಲ್, ಸಲೂನ್ ಥರದ ಕೆಲಸಗಳಲ್ಲಿ ಸಂಬಳ ಎಷ್ಟು ಕೆಳಗೆ ಹೋಯ್ತು ಅಂದ್ರೆ 2015ರಲ್ಲಿ ಸರ್ಕಾರವೇ ಗಂಟೆಗೆ 8.50 ಯೂರೋ ಅಂತ ಕನಿಷ್ಠ ವೇತನ ತರಬೇಕಾಯ್ತು. ಅದಕ್ಕೆ ಮುಂಚೆ ಇಡೀ ದೇಶಕ್ಕೆ ಒಂದು ಕನಿಷ್ಠ ವೇತನ ಅಂತ ಇರಲೇ ಇಲ್ಲ, ಒಪ್ಪಂದಗಳೇ ಆ ಕೆಲಸ ಮಾಡ್ತಿದ್ವು. ಫೋಕ್ಸ್‌ವ್ಯಾಗನ್‌ನಲ್ಲಿ ಹತ್ತರಲ್ಲಿ ಒಂಬತ್ತು ಜನ ಮೆಂಬರ್, ಅಲ್ಲೂ 2024ರ ಡಿಸೆಂಬರಲ್ಲಿ ಫ್ಯಾಕ್ಟ್ರಿ ಮುಚ್ಚದೇ ಇರೋದಕ್ಕೋಸ್ಕರ ಸಂಬಳ ಏರಿಕೆಯನ್ನ ಬದಿಗಿಡಬೇಕಾಯ್ತು, 2030ರ ಒಳಗೆ 35 ಸಾವಿರ ಕೆಲಸ ಕಮ್ಮಿ ಆಗುತ್ತೆ ಅನ್ನೋದನ್ನೂ ಒಪ್ಕೋಬೇಕಾಯ್ತು. ಯೂನಿಯನ್ ಇದ್ರೂ ಮಾರ್ಕೆಟ್ ಕೆಟ್ರೆ ಪೆಟ್ಟು ಬೀಳುತ್ತೆ, ಆದ್ರೆ ಆ ಪೆಟ್ಟು ಯಾರಿಗೆ ಎಷ್ಟು ಅನ್ನೋದನ್ನ ಕೂತು ಮಾತಾಡಿ ಹಂಚ್ಕೊಂಡ್ರು, ಬಲವಂತವಾಗಿ ಯಾರನ್ನೂ ತೆಗೆಯಲ್ಲ ಅಂತ ಬರೆಸ್ಕೊಂಡ್ರು.

ಐಟಿಯೋರು ಇದು ನಮ್ಮ ವಿಷಯ ಅಲ್ಲ ಅಂದ್ಕೋತಾರೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನ ಬರೆದಿಡಬೇಕು ಅನ್ನೋ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾನೂನಿಂದ 2014ರಲ್ಲಿ ಕೊಟ್ಟ ವಿನಾಯಿತಿಯನ್ನ 2019ರಲ್ಲೂ 2024ರಲ್ಲೂ ಮುಂದುವರಿಸಿದ್ರು. 2024ರಲ್ಲಿ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ಬೀದಿಗೆ ಇಳಿದು ಎದುರು ನಿಂತಿದ್ದು ಕಿಟು ಅನ್ನೋ ಐಟಿ ನೌಕರರ ಯೂನಿಯನ್. ಫ್ರೆಷರ್ ಸಂಬಳ ಹದಿನೈದು ವರ್ಷದ ಹಿಂದೆ ಎಷ್ಟಿತ್ತು ಈಗ ಎಷ್ಟಿದೆ ಅಂತ ನಿಮಗೇ ಗೊತ್ತು. ಇಲ್ಲಿ ನನ್ನ ಆಫೀಸಲ್ಲಿ ಸಾಫ್ಟ್‌ವೇರ್ ಬರೆಯೋರೂ ಅದೇ ಟೇಬಲ್ಲಲ್ಲಿ ಮೇಲಿನ ಗ್ರೇಡುಗಳಲ್ಲಿ ಇದಾರೆ, ಅವರಿಗೂ ವಾರಕ್ಕೆ 35 ಗಂಟೆ ಲೆಕ್ಕವೇ.

2025ರ ನವೆಂಬರ್ 21ರಿಂದ ನಮ್ಮಲ್ಲಿ ಹೊಸ ಲೇಬರ್ ಕೋಡ್‌ಗಳು ಜಾರಿಗೆ ಬಂದಿವೆ. ಅದರಲ್ಲಿ ಸ್ಟ್ರೈಕ್ ಮಾಡೋಕೆ ಎಲ್ಲಾ ಕಡೆ 14 ದಿನದ ನೋಟಿಸ್ ಅನ್ನೋ ಭಾಗ ನಂಗೆ ಇಷ್ಟ ಇಲ್ಲ, ಯೂನಿಯನ್‌ಗಳು ಅದನ್ನ ವಿರೋಧ ಮಾಡೋದು ಸರಿಯಾಗೇ ಇದೆ. ಆದ್ರೆ ಒಂದು ವಿಷಯ ಗಮನಿಸ್ಬೇಕು. 1926ರ ಟ್ರೇಡ್ ಯೂನಿಯನ್ ಆಕ್ಟಲ್ಲಿ ಯೂನಿಯನ್ ರಿಜಿಸ್ಟರ್ ಮಾಡ್ಬಹುದಿತ್ತು, ಮ್ಯಾನೇಜ್‌ಮೆಂಟ್ ಅದರ ಜೊತೆ ಮಾತಾಡ್ಲೇಬೇಕು ಅಂತ ಇರಲಿಲ್ಲ. ಈಗ 51 ಪರ್ಸೆಂಟ್ ಕೆಲಸಗಾರರು ಯಾವ ಯೂನಿಯನ್ ಕಡೆ ಇದಾರೋ ಅದನ್ನೇ ಮಾತುಕತೆಗೆ ಒಪ್ಕೋಬೇಕು ಅಂತ ಇದೆ. ಆ 51ರ ಲೆಕ್ಕದಲ್ಲಿ ಕಂಪನಿ ಮಸ್ಟರ್ ರೋಲಲ್ಲಿ, ಅಂದ್ರೆ ಕಂಪನಿಯ ಹಾಜರಿ ಪಟ್ಟಿಯಲ್ಲಿ ಇರೋರನ್ನ ಮಾತ್ರ ಎಣಿಸ್ತಾರೆ. ಕಾಂಟ್ರಾಕ್ಟರ್ ರೋಲಲ್ಲಿ ಇರೋ ನನ್ನ ಚಿಕ್ಕಪ್ಪನ ಮಗನಂಥೋರು ಆ ಎಣಿಕೆಯಲ್ಲೇ ಬರಲ್ಲ. ಅವರನ್ನ ಮೆಂಬರ್ ಮಾಡ್ಕೊಳ್ಳೋಕೆ ಯಾವ ಕಾನೂನೂ ಅಡ್ಡ ಬರಲ್ಲ, ಅವರ ಸಂಬಳವನ್ನ ಬೇಡಿಕೆ ಪಟ್ಟಿಯ ಮೊದಲನೇ ಸಾಲಲ್ಲಿ ಬರೆಯೋಕೂ ಯಾರೂ ಅಡ್ಡ ಬರಲ್ಲ. ಬಿಡದಿ, ಪೀಣ್ಯ, ನರಸಾಪುರದಲ್ಲಿ ಮುಂದಿನ ಸೆಟ್ಲ್‌ಮೆಂಟಿಗೆ ಕೂರೋ ಯೂನಿಯನ್ ಲೀಡರ್‌ಗಳ ಹತ್ರ ನಾನು ಕೇಳ್ಕೊಳ್ಳೋದು ಅದೊಂದೇ, ಆ ಪಟ್ಟಿಯನ್ನ ಪಕ್ಕದ ಫ್ಯಾಕ್ಟ್ರಿಯೋರ ಜೊತೆ ಕೂತು ಬರೀರಿ, ಕಾಂಟ್ರಾಕ್ಟ್ ಹುಡುಗ್ರನ್ನೂ ಆ ಮೀಟಿಂಗಿಗೆ ಕರೀರಿ.